ಮುದ್ದೆಗೆ ಮೇಣ ಹಚ್ಚುವ ಪ್ರಸಂಗ

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯಿತು ಎನ್ನುವಷ್ಟರಲ್ಲಿ, ಎಡಗಡೆಗೆ ಪುಟ್ಟಮಲ್ಲಮ್ಮನ ಮುದ್ದೆ ಹೋಟೆಲು, ಬಲಗಡೆಗೆ ಮಂಟಯ್ಯನ ಮಿಲಿಟರಿ ಹೋಟೆಲು. ಇಬ್ಬರಿಗೂ ಸಮಾನವಾಗಿದ್ದುದು ನಡುವಿನ ರಸ್ತೆಯೊಂದೇ. ತೊಂಬತ್ತೊಂಬತ್ತನೆಯ ಇಸವಿಯಲ್ಲಿ, ಹೊಗೆಸೊಪ್ಪಿನ ಹರಾಜು ಆರಂಭವಾಗಲು ಇನ್ನೂ ಕೆಲವು ವಾರಗಳಿರುವಾಗ, ಮಂಟಯ್ಯ ತನ್ನ ತಾರಸಿಯ ಮೇಲೆ ಆಳೆತ್ತರದ ಫೈಬರ್ ಹುಂಜವೊಂದನ್ನು ನಿಲ್ಲಿಸಿದ. ಕೆಂಪು ಜುಟ್ಟಿನ, ಹಳದಿ ಕಾಲಿನ ಆ ಹುಂಜ, ತನ್ನನ್ನು ಅಲ್ಲಿ ಯಾವ ಉದ್ದೇಶಕ್ಕಾಗಿ ನಿಲ್ಲಿಸಿದ್ದಾರೆಂಬ ಅರಿವಿಲ್ಲದೆ, ರಸ್ತೆಯನ್ನು ಬಹಳ ಹೆಮ್ಮೆಯಿಂದ ನೋಡುತ್ತಿತ್ತು. ಬಸ್ಸಿನ ಕಿಟಕಿಯಿಂದ ಅದನ್ನು ಕಂಡವರು ಬಲಗಡೆಗೆ ಇಳಿಯತೊಡಗಿದರು.

ಪುಟ್ಟಮಲ್ಲಮ್ಮನಿಗೆ ಹುಂಜದ ಮೇಲೆ ದ್ವೇಷವೇನೂ ಇರಲಿಲ್ಲ. ಆದರೆ ಆಕೆಯ ಮುದ್ದೆಗೆ ಆ ಸೀಮೆಯಲ್ಲೆಲ್ಲ ಒಂದು ಕೀರ್ತಿಯಿತ್ತು. ಕೈಗಂಟದು, ತಟ್ಟೆಗಂಟದು, ಗಂಟಲಿಗಂಟದು ಎಂಬುದೇ ಆ ಕೀರ್ತಿ. ಗಂಡ ತೀರಿಕೊಂಡ ಮೇಲೆ ಒಂದು ಒಲೆ, ಒಂದು ಕೋಲು, ಈ ಕೀರ್ತಿ, ಇವಿಷ್ಟರಿಂದಲೇ ಮಗನನ್ನು ಸಾಕಿ ಸೊಸೆಯನ್ನು ತಂದಿದ್ದಳು. ಅಂಥ ಮುದ್ದೆ ಪ್ಲಾಸ್ಟಿಕ್ಕಿನ ಪಕ್ಷಿಯೊಂದಕ್ಕೆ ಸೋಲುವುದು ನ್ಯಾಯವೆಂದು ಆಕೆಗೆ ತೋರಲಿಲ್ಲ. ಒಂದು ಬೆಳಗ್ಗೆ ಸೆರಗು ಬಿಗಿದು, ಸಾಮಿಲ್ಲಿನ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ವಸಂತನಲ್ಲಿಗೆ ಹೋದಳು. ವಸಂತ ಮೈಸೂರಿನ ಬಸ್ ಬಾಡಿ ಕಾರ್ಖಾನೆಯೊಂದರಲ್ಲಿ ಫೈಬರ್ ಕೆಲಸ ಕಲಿತು ಬಂದವನು. ನೀರಿನ ತೊಟ್ಟಿಯ ಮುಚ್ಚಳ, ಮೊಪೆಡ್ಡಿನ ಪಕ್ಕದ ಕವಚ ಮುಂತಾದವನ್ನು ಮಾಡಿಕೊಡುತ್ತಿದ್ದನು.

“ಆ ಕೋಳಿ ಮಾಡ್ದೋನು ನೀನೇನ್ಲಾ?”

“ಊ ಕಣಕ್ಕ.”

“ಚೆಂದಾಗೈತೆ. ನಂಗೊಂದು ಮುದ್ದೆ ಮಾಡ್ಕೊಡು. ಓಟ್ಲು ಮ್ಯಾಲಿಕ್ಕಕ್ಕೆ.”

ವಸಂತ ಸಂತೋಷದಿಂದ ಒಪ್ಪಿಕೊಂಡನು. ದುಂಡಗಿರುವ ವಸ್ತುವನ್ನು ಮಾಡುವುದರಲ್ಲಿ ಕಷ್ಟವೇನಿದೆಯೆಂದು ಅವನು ಭಾವಿಸಿದ್ದನು. ಮೊದಲು ಜೇಡಿಮಣ್ಣಿನಲ್ಲಿ ಮಾದರಿ ಮಾಡಿ, ಅದರ ಮೇಲೆ ಫೈಬರ್ ಹಾಕಿ ಅಚ್ಚು ತೆಗೆದು, ಆ ಅಚ್ಚಿನೊಳಗೆ ಮತ್ತೆ ಫೈಬರ್ ಹಾಕಿ ವಸ್ತುವನ್ನು ಪಡೆಯುವುದು ಅವನ ಕೆಲಸದ ಕ್ರಮ. ಮಾದರಿ ಸಿದ್ಧವಾದ ದಿನ ಪುಟ್ಟಮಲ್ಲಮ್ಮ ಅದನ್ನು ಸುತ್ತುಹಾಕಿ ನೋಡಿ, “ಇದು ಚೆಂಡು” ಎಂದಳು. ಎರಡನೆಯದನ್ನು ನೋಡಿ “ಇದು ಗುಂಡ್ಕಲ್ಲು” ಎಂದಳು. ಮೂರನೆಯದನ್ನು ಬಹಳ ಹೊತ್ತು ನೋಡಿದಳು. “ಇದು ಮುದ್ದೆನೇ. ಆದ್ರೆ ಮಂಟಯ್ಯನ ಮುದ್ದೆ” ಎಂದು ಹೇಳಿ ಹೊರಗೆ ಉಗಿದು ಬಂದಳು.

“ಮತ್ತೆ ಎಂಗಿರ್ಬೇಕಕ್ಕ?”

“ಮುದ್ದೆ ಕುಂತ್ಕಬೇಕು ಕಣ್ಲಾ. ಉಂಡವನು ಕುಂತ್ಕತಾನಲ್ಲ, ಅಂಗೆ. ಮ್ಯಾಲೆ ಒದ್ದೆ ಕೈ ಆಡಿರೋ ಒಳಪು ಇರ್ಬೇಕು. ನಿನ್ ಮಣ್ಣಿಗೆ ಅದೆಲ್ಲಿಂದ ಬಂದಾದು? ನಾನೇ ತೊಳಸಿ ದೊಡ್ಡದೊಂದು ಕಟ್ಕೊಡ್ತೀನಿ. ಅದರ ಮ್ಯಾಲೇ ನೀನು ಅಚ್ಚು ತಕ್ಕೊ.”

ಮೂರು ಸಲ ಸೋತವನಿಗೆ ವಾದಿಸುವ ನೈತಿಕ ಹಕ್ಕು ಇರಲಿಲ್ಲ. ವಸಂತ ಒಪ್ಪಿಕೊಂಡು, ಮರುದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಒಂದು ಕೈಯಲ್ಲಿ ಮೇಣದ ಡಬ್ಬಿಯನ್ನೂ ಇನ್ನೊಂದರಲ್ಲಿ ನೀಲಿಯ ದ್ರವ ತುಂಬಿದ ಸೀಸೆಯನ್ನೂ ಹಿಡಿದು ಹೋಟೆಲಿಗೆ ಬಂದನು. ಅನರ್ಥವೆಲ್ಲ ಅಲ್ಲಿಂದ ಮೊದಲಾಯಿತು.

“ಅದೇನ್ಲಾ ಕೈಲಿ?”

“ಮೇಣ ಕಣಕ್ಕ. ಮೊದ್ಲು ಇದ್ನ ಮುದ್ದೆಗೆ ಸವರ್ಬೇಕು. ಆಮೇಲೆ ಈ ನೀಲಿ ನೀರು ಬಳದ್ರೆ ಒಣಗಿ ತೆಳ್ಳಗೆ ಪೊರೆ ಕಟ್ಕತದೆ. ಅದರ ಮ್ಯಾಲೆ ಫೈಬರ್ ಹಾಕಿದ್ರೆ ಅಂಟ್ಕಳಕಿಲ್ಲ. ಸಲೀಸಾಗಿ ಬುಟ್ಕತದೆ.”

“ಬಳೀದೆ ಓದ್ರೆ?”

“ಅಂಟ್ಕತದೆ.”

“ಯಾವ್ದು ಅಂಟ್ಕತದೆ?”

“ಮುದ್ದೆ.”

“ಯಾರ್ ಮುದ್ದೆ?”

ಉಣ್ಣುತ್ತಿದ್ದವರ ಕೈಗಳು ತಟ್ಟೆಯಲ್ಲಿಯೇ ನಿಂತವು. ಸೊಸೆ ಪವಿತ್ರಾ ನೀರು ಬಡಿಸುವುದನ್ನು ನಿಲ್ಲಿಸಿ ಗೋಡೆಗೆ ಸರಿದಳು. ವಸಂತನಿಗೆ ತಾನು ಆಡಿದ ಮಾತಿನ ತೂಕ ಆಗ ಅರಿವಾಯಿತು. ಎಲ್ಲ ಮುದ್ದೆಯೂ ಅಂಟುತ್ತದೆ, ಮರವೂ ಅಂಟುತ್ತದೆ, ಗಾಜೂ ಅಂಟುತ್ತದೆ, ಫೈಬರಿಗೆ ಮೆತ್ತುವ ರೆಸಿನ್ನೆಂಬ ಅಂಟುದ್ರವದ ಗುಣವೇ ಅಂಥದು ಎಂದು ವಿವರಿಸಲು ಯತ್ನಿಸಿದನು. ಪುಟ್ಟಮಲ್ಲಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

“ಪುಟ್ಟಮಲ್ಲಮ್ಮ ಮುದ್ದೆಗೆ ಮೇಣ ಅಚ್ಚಿದ್ಳು ಅಂತ ನಾಳೆ ಎಚ್.ಡಿ. ಕೋಟೆಗಂಟ ಸುದ್ದಿ ಓಯ್ತದೆ. ತಕ್ಕಂಡೋಗು ಅದ್ನ.”

ಸುದ್ದಿ ಎಚ್.ಡಿ. ಕೋಟೆಯವರೆಗೆ ಹೋಗುವ ಮೊದಲು ರಸ್ತೆ ದಾಟಿತು. ಮರುದಿನ ಬಸ್ಸು ನಿಂತಾಗ ಮಂಟಯ್ಯ ತನ್ನ ಬಾಗಿಲಲ್ಲಿ ನಿಂತು, ಯಾರನ್ನೂ ನೋಡದೆ, ಊರಿಗೆಲ್ಲ ಕೇಳಿಸುವಂತೆ ಕೂಗತೊಡಗಿದ: “ಮೇಣ ಸವರ್ಕಂಡು ಉಣ್ಣೋರು ಅತ್ಲಾಗೋಗಿ, ಅಂಗೇ ಉಣ್ಣೋರು ಇತ್ಲಾಗ್ ಬನ್ನಿ.”

ಪುಟ್ಟಮಲ್ಲಮ್ಮ ಹಿಟ್ಟು ತೊಳಸುವ ಕೋಲನ್ನು ಕೈಯಲ್ಲಿ ಹಿಡಿದೇ ಹೊರಗೆ ಬಂದಳು. ಬಸ್ಸಿನವರು, ತನ್ನ ಗಿರಾಕಿಗಳು, ಮಂಟಯ್ಯನ ಗಿರಾಕಿಗಳು ಎಲ್ಲರೂ ನೋಡುತ್ತಿರುವಂತೆ ಶಾಂತವಾದ ಧ್ವನಿಯಲ್ಲಿ ಹೇಳಿದಳು: “ಮೇಣ ಮುಟ್ಟಿಸ್ದೆ ಅಚ್ಚು ತಗಿಸ್ತೀನಿ. ನನ್ ಮುದ್ದೆ ಅಚ್ಚಿಗೆ ಅಂಟ್ಕಂಡ್ರೆ ಈ ಕೋಲ ಒಲೆಗಾಕಿ, ಮಾರ್ನೇ ದಿನದಿಂದ ಇಡ್ಲಿ ಮಾರ್ತೀನಿ.”

ಇಡ್ಲಿ ಎಂಬ ಮಾತು ಕೇಳಿ ಒಬ್ಬ ಮುದುಕ ಬಸ್ಸಿನೊಳಗಿಂದಲೇ ಕೈಮುಗಿದನೆಂದು ಹೇಳುತ್ತಾರೆ.

ಇಂಥ ಮಾತು ಆಡಿದ ಮೇಲೆ ಅದಕ್ಕೊಬ್ಬ ನ್ಯಾಯಸ್ಥ ಬೇಕು. ಹೋಟೆಲಿನ ಕಲ್ಲುಜಗಲಿಯ ಮೇಲೆ ಕೂರುವ ಹಿರಿಯರಲ್ಲಿ ಹುಚ್ಚಯ್ಯನೇ ಆ ಕೆಲಸಕ್ಕೆ ಸರಿಯೆಂದು ಎರಡು ಕಡೆಯವರೂ ಒಪ್ಪಿ ಎಲೆಯಡಿಕೆ ಕೊಟ್ಟರು. ಹುಚ್ಚಯ್ಯ ಮಿರ್ಲೆಯಲ್ಲಿ ಬಹುಕಾಲ ಆಲೆಮನೆ ನಡೆಸಿ, ಈಗ ಮಗಳ ಊರಾದ ಕಟ್ಟೆಮಳಲವಾಡಿಯಲ್ಲಿ ನೆಲೆಸಿದ್ದವನು. ದಿನವೂ ಮಧ್ಯಾಹ್ನ ಪುಟ್ಟಮಲ್ಲಮ್ಮನ ಮುದ್ದೆ ಉಣ್ಣುವುದಕ್ಕಾಗಿಯೇ ಬಸ್ಸು ಹತ್ತಿ ಬರುತ್ತಿದ್ದನು. ನ್ಯಾಯಸ್ಥನ ನಿಷ್ಪಕ್ಷಪಾತಕ್ಕೆ ಇದು ಕುಂದೆಂದು ಯಾರಿಗೂ ತೋರಲಿಲ್ಲ.

ಅವನು ಎಲೆಯಡಿಕೆ ಜಗಿದು ಮೊದಲ ತೀರ್ಪು ಕೊಟ್ಟನು: ಬಾಯಿಗೆ ಹೋಗದ ವಸ್ತುವನ್ನು ಮುದ್ದೆಗೆ ಸವರಿದರೆ ಅದು ಮುದ್ದೆಗೆ ಅವಮಾನ, ಮುದ್ದೆಯ ಜೊತೆ ಬಾಯಿಗೆ ಹೋಗುವ ವಸ್ತುವನ್ನು ಸವರಿದರೆ ಅವಮಾನವಲ್ಲ. ಆದ್ದರಿಂದ ವಸಂತ ಅಂಥದೊಂದು ವಸ್ತುವನ್ನು ಹುಡುಕತಕ್ಕದ್ದು.

ಹಾಗೆ ಆ ಹೋಟೆಲಿನ ಹಿತ್ತಿಲ ಗೋಡೆಯ ಮೇಲೆ ಚಿಕ್ಕ ಚಿಕ್ಕ ಮುದ್ದೆಗಳ ಸಾಲೊಂದು ಕುಳಿತಿತು. ಸಲಹೆಗೆ ಕೊರತೆಯಿರಲಿಲ್ಲ, ಅಂಟಿನೊಡನೆ ಹೆಣಗಿ ಬದುಕುವ ಜನ ಅವರು. ಹಲಸಿನ ಹಣ್ಣು ಕೊಯ್ಯುವವರು ಎಣ್ಣೆ ಎಂದರು. ಇಟ್ಟಿಗೆ ಕೊಯ್ಯುವವರು ಬೂದಿ ಎಂದರು, ಬೂದಿ ಬಾಯಿಗೆ ಹೋಗುವುದಿಲ್ಲವೆಂದು ಹುಚ್ಚಯ್ಯ ತಳ್ಳಿಹಾಕಿದನು. ಹೊಗೆಸೊಪ್ಪು ಮುರಿದು ಕೈಯೆಲ್ಲ ಕರಿಯ ಅಂಟು ಮಾಡಿಕೊಂಡು ಬಂದವರು, ಅಂಟಿದ ಮೇಲೆ ತೊಳೆಯುವುದು ತಮಗೆ ಗೊತ್ತು, ಅಂಟದಂತೆ ಮಾಡುವುದು ಗೊತ್ತಿದ್ದರೆ ತಾವು ಹೀಗೇಕಿರುತ್ತಿದ್ದೆವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ವಸಂತ ಹುಚ್ಚೆಳ್ಳೆಣ್ಣೆ ಸವರಿ ನೋಡಿದನು. ರೆಸಿನ್ನು ಅದರೊಡನೆ ಬೆರೆತು, ವಾರ ಕಳೆದರೂ ಗಟ್ಟಿಯಾಗದೆ, ಜೇನಿನಂತೆ ಜಿಗುಟಾಗಿಯೇ ಉಳಿಯಿತು. ಮಂಟಯ್ಯನ ಜೀವಂತ ಕೋಳಿಯೊಂದು ಮೇಯುತ್ತ ಬಂದು ಅದರ ಮೇಲೆ ಕಾಲಿಟ್ಟು, ಮುದ್ದೆಯನ್ನು ಎಳೆದುಕೊಂಡೇ ರಸ್ತೆ ದಾಟಿ ಮನೆಗೆ ಹೋಯಿತು. ಮಂಟಯ್ಯ ಅದನ್ನು ಸಾಕ್ಷಿಯೆಂದು ಮುಂದಿಟ್ಟಾಗ, ಅಂಟಿದ್ದು ಎಣ್ಣೆಯೇ ಹೊರತು ಮುದ್ದೆಯಲ್ಲವೆಂದು ತೀರ್ಪಾಯಿತು. ಮಜ್ಜಿಗೆ ಸವರಿದ್ದು ಹುಳಿತು ಗುಳ್ಳೆಯೆದ್ದಿತು. ಬಾಳೆಯೆಲೆ ಸುತ್ತಿದ ಮುದ್ದೆಯ ಅಚ್ಚು ಚೆನ್ನಾಗಿಯೇ ಬಿಟ್ಟುಕೊಂಡಿತು, ಆದರೆ ಅದರ ತುಂಬ ಎಲೆಯ ನರಗಳು ಮೂಡಿದ್ದವು. ಅದನ್ನು ಕಂಡು ಪುಟ್ಟಮಲ್ಲಮ್ಮ, “ಯಾರೋ ಮುದುಕನ ಅಂಗೈ ಇದ್ದಂಗೈತೆ” ಎಂದಳು.

ವಸಂತ ಕಂಗೆಟ್ಟು, ಜಗಲಿಯ ಮೇಲೆ ಉಣ್ಣುತ್ತಿದ್ದ ಹುಚ್ಚಯ್ಯನ ಪಕ್ಕ ಕುಳಿತನು. “ದೊಡ್ಡಯ್ಯ, ನಿಮ್ಮ ಆಲೆಮನೇಲಿ ಬೆಲ್ಲ ಅಚ್ಚಿಂದ ಬುಡಕ್ಕೆ ಏನ್ ಮಾಡ್ತಿದ್ರಿ?”

“ಅಚ್ಚಿನೊಳಕ್ಕೆ ಒದ್ದೆ ಬಟ್ಟೆ ಆಸ್ತಿದ್ದೋ. ನೀರು ಆಗ್ಬತ್ತದಾ ನಿನ್ ರೆಸಿನ್ನಿಗೆ?”

“ನೀರು ಕಂಡ್ರೆ ಅದು ಗಟ್ಟಿ ಆಗೋದೇ ಇಲ್ಲ.”

“ಮತ್ತೆ ಉಣ್ಣು, ಆರೋಯ್ತದೆ” ಎಂದು ಹುಚ್ಚಯ್ಯ ತನ್ನ ಮುದ್ದೆಯನ್ನು ಮುರಿದು, ಹುರುಳಿಕಟ್ಟಿನ ಸಾರಿನಲ್ಲಿ ಹೊರಳಿಸಿ, ನುಂಗುವ ಮೊದಲು ತಡೆದನು. ಬೆರಳಲ್ಲಿದ್ದ ತುತ್ತನ್ನು ಬೆಳಕಿಗೆ ಹಿಡಿದು ನೋಡಿದನು. ಆಮೇಲೆ ನಿಧಾನವಾಗಿ ಹೇಳಿದನು:

“ಲೇ ವಸಂತ. ಮುದ್ದೆ ಗಂಟ್ಲಲ್ಲಿ ತಾನಾಗೇ ಇಳೀತದಾ, ಸಾರು ಇಳಿಸ್ತದಾ?”

ಹುಟ್ಟಿದಾಗಿನಿಂದ ದಿನಕ್ಕೆರಡು ಸಲ ಮಾಡಿದ ಕೆಲಸದಲ್ಲಿ ಇಂಥದೊಂದು ತತ್ತ್ವವಿದೆಯೆಂದು ಯಾರಿಗೂ ಹೊಳೆದಿರಲಿಲ್ಲ. ಎಲ್ಲರೂ ಪುಟ್ಟಮಲ್ಲಮ್ಮನ ಮುಖ ನೋಡಿದರು. ಆಕೆ ಯೋಚಿಸಿದಳು.

“ಸಾರು ಬ್ಯಾರೆ ಬುಡಿ” ಎಂದಳು ಕಡೆಗೆ. “ಸಾರು ಮುದ್ದೆಗೆ ನೆಂಟ.”

ಬಸ್ಸಾರು ತೆಳುವೆಂದೂ ಸೊಪ್ಪಿನ ಸಾರಿನಲ್ಲಿ ಚೂರುಗಳಿರುತ್ತವೆಂದೂ ಚರ್ಚೆ ನಡೆದು, ಒಗ್ಗರಣೆ ಹಾಕದ ಹುರುಳಿಕಟ್ಟೇ ಸರಿಯೆಂದು ನಿಶ್ಚಯವಾಯಿತು. ವಸಂತ ಅದನ್ನು ಬತ್ತಿಸಿ, ಬಟ್ಟೆಯಲ್ಲಿ ಸೋಸಿ, ಆರಿದ ಮುದ್ದೆಗೆ ಪದರ ಪದರವಾಗಿ ಬಳಿದು ಒಣಗಿಸಿದನು. ಕಂದುಬಣ್ಣದ ತೆಳುವಾದ ಪೊರೆಯೊಂದು ಕಟ್ಟಿತು. ಅದರ ಮೇಲೆ ಫೈಬರ್ ಹಾಕಿ ಮರುದಿನ ತಟ್ಟಿದಾಗ, ಅಚ್ಚು ತಲೆಯಿಂದ ಟೋಪಿ ತೆಗೆದಂತೆ ಬಿಟ್ಟುಕೊಂಡಿತು. ವಸಂತ ಸಂತೋಷಪಡಲಿಲ್ಲ. ಮೈಸೂರಿನಲ್ಲಿ ತನಗೆ ಈ ವಿದ್ಯೆ ಕಲಿಸಿದವರು ಎದುರು ಸಿಕ್ಕಿ, ಈಗ ಏನು ಬಳಸುತ್ತೀಯೆಂದು ಕೇಳಿದರೆ ಏನು ಹೇಳುವುದೆಂಬ ಚಿಂತೆ ಅವನ ಮುಖದಲ್ಲಿ ಕಾಣುತ್ತಿತ್ತು.

ದೊಡ್ಡ ಮುದ್ದೆಯ ದಿನ ಬಂತು. ಮದುವೆಯ ಕೊಪ್ಪರಿಗೆಗಳನ್ನು ತಂದು, ಹಿತ್ತಿಲಲ್ಲಿ ಒಲೆ ಹೂಡಿ, ಗಟ್ಟಿ ಆಳುಗಳು ಹಾರೆಯುದ್ದದ ಕೋಲು ಹಿಡಿದು ಪುಟ್ಟಮಲ್ಲಮ್ಮನ ಅಪ್ಪಣೆಯಂತೆ ಹಿಟ್ಟು ತೊಳಸಿದರು. ಒದ್ದೆ ಮಾಡಿದ ಹಲಗೆಯ ಮೇಲೆ ಅದನ್ನು ಸುರಿದು, ಆಕೆ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಉಗಿಯ ನಡುವೆ ನಿಂತು, ಎರಡೂ ತೋಳಿನಿಂದ ತಟ್ಟಿ ತಿರುಗಿಸಿ ಕಟ್ಟಿದಳು. ಎದೆಮಟ್ಟದ ಮುದ್ದೆ ಹಲಗೆಯ ಮೇಲೆ ಕುಳಿತಿತು. ನಿಜವಾಗಿಯೂ ಕುಳಿತಿತು, ಉಂಡ ಗೌಡನೊಬ್ಬ ಜಗಲಿಯ ಮೇಲೆ ಕುಳಿತ ಹಾಗೆ. ಮಂಟಯ್ಯನ ಕಡೆಯವರೂ ಅದನ್ನು ಒಪ್ಪಿಕೊಂಡರು.

“ಸರಿ ಅಕ್ಕ. ಇನ್ನ ಒಂದ್ ನಾಕು ದಿನ ಆರ್ಲಿ” ಎಂದ ವಸಂತ.

“ಯಾವ್ದು ಆರ್ಲಿ?”

“ಮುದ್ದೆ. ಆರಿದ್ ಮ್ಯಾಲೆ ಸಾರು ಬಳೀತೀನಿ.”

“ತಂಗಳ ಮುದ್ದೆ ಅಚ್ಚು ತಗ್ದು ನನ್ನೋಟ್ಲು ಮ್ಯಾಲೆ ಇಕ್ಕೀಯಾ? ಓಗೋ ಬರೋ ಬಸ್ಸಿನೋರೆಲ್ಲ ಇವ್ಳು ತಂಗಳು ಇಕ್ತಾಳೆ ಅಂದ್ಕಳ್ಲಿ ಅಂತ್ಲಾ?”

“ಅಚ್ಚಲ್ಲಿ ಬಿಸಿ ತಂಗಳು ಗೊತ್ತಾಯ್ತದಾ ಅಕ್ಕ?”

“ನಿಂಗೆ ಗೊತ್ತಾಗಕಿಲ್ಲ. ನೀನು ಚೆಂಡು ಮಾಡ್ದೋನು.”

ಒಳಗಿನ ನೀರು ಉಗಿಯಾಗಿ ಮೇಲೆ ಬರುತ್ತದೆ, ಸಾರಿನ ಪೊರೆ ಕರಗುತ್ತದೆ, ಆಮೇಲೆ ತನ್ನನ್ನು ಅನ್ನಬೇಡಿರೆಂದು ವಸಂತ ಹುಚ್ಚಯ್ಯನ ಬಳಿ ಮೊರೆಯಿಟ್ಟನು. ಹುಚ್ಚಯ್ಯ ಎರಡೂ ಕಡೆಯ ಮಾತು ಕೇಳಿ, ಮುದ್ದೆಯೆಂದರೆ ಬಿಸಿಮುದ್ದೆಯೇ, ಆರಿದ್ದಕ್ಕೆ ಬೇರೆ ಹೆಸರಿದೆ ಎಂದು ತೀರ್ಪು ಕೊಟ್ಟನು. ವಸಂತ ಕೈಚೆಲ್ಲಿ, ಬಿಸಿಯ ಮೇಲೆಯೇ ಹುರುಳಿಕಟ್ಟು ಬಳಿದನು. ಪೊರೆ ಕ್ಷಣದಲ್ಲಿ ಒಣಗಿತು. ಸಾರಿನ ಘಮ ಹಬ್ಬಿ, ನೋಡುತ್ತಿದ್ದವರೆಲ್ಲ ಎಂಜಲು ನುಂಗಿದರು. ರಸ್ತೆಯ ಕಡೆಗೊಂದು, ಹಿತ್ತಿಲ ಕಡೆಗೊಂದು ಎಂದು ಎರಡು ಹೋಳಾಗಿ ಅಚ್ಚು ಬರುವಂತೆ ನಡುವೆ ತಗಡಿನ ಪಟ್ಟಿ ನಿಲ್ಲಿಸಿ, ಗಾಜಿನ ನಾರಿನ ಮ್ಯಾಟು ಹಾಸಿ, ರೆಸಿನ್ನು ಮೆತ್ತಿದನು. ಮುದ್ದೆಯ ಕಾವಿಗೆ ಅದು ಎಂದಿಲ್ಲದ ವೇಗದಲ್ಲಿ ಗಟ್ಟಿಯಾಯಿತು.

ಮರುದಿನ ಬೆಳಗ್ಗೆ ಹಿತ್ತಿಲಲ್ಲಿ ನಿಲ್ಲಲು ಜಾಗವಿರಲಿಲ್ಲ. ವಸಂತ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ಎಳೆದಾಗ ರಸ್ತೆಯ ಕಡೆಯ ಹೋಳು ಬಿಟ್ಟುಕೊಂಡು ಅವನ ತೋಳಿಗೆ ಬಂತು. ಒಳಗೆ ಒಂದು ಕಲೆಯೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಪುಟ್ಟಮಲ್ಲಮ್ಮ ಮಂಟಯ್ಯನ ತಾರಸಿಯ ಕಡೆಗೆ ನೋಡಿದಳು.

ಎರಡನೆಯ ಹೋಳು ಬರಲಿಲ್ಲ. ತಟ್ಟಿದರೂ, ಸಂದಿನಲ್ಲಿ ಮರದ ಬೆಣೆ ಹೊಡೆದರೂ, ಎಳನೀರು ಕೀಳುವ ಇಬ್ಬರು ಕಾಲು ಕೊಟ್ಟು ಜಗ್ಗಿದರೂ ಬರಲಿಲ್ಲ. ಆ ಪಕ್ಕದಲ್ಲಿ ಉಗಿ ಬೆವರಾಗಿ, ಪೊರೆ ಕರಗಿಹೋಗಿತ್ತು. ಅಷ್ಟು ಹೊತ್ತಿಗೆ ಮಂಟಯ್ಯ ತನ್ನ ಜೀವಮಾನದಲ್ಲಿ ಮೊದಲ ಸಲ ರಸ್ತೆ ದಾಟಿ ಪುಟ್ಟಮಲ್ಲಮ್ಮನ ಹಿತ್ತಿಲಿಗೆ ಬಂದನು.

“ಏನವ್ವ, ಇಡ್ಲಿ ಎಂದಿನಿಂದ?”

ಗೋಡೆಗೆ ಒರಗಿಸಿದ್ದ ಕೋಲನ್ನು ಪುಟ್ಟಮಲ್ಲಮ್ಮ ತೆಗೆದುಕೊಂಡಳು. ಒಲೆಯಲ್ಲಿ ಕೆಂಡವಿತ್ತು. ಪವಿತ್ರಾ “ಅತ್ತೆ” ಎಂದು ಕೈ ಹಿಡಿಯಲು ಹೋದಳು. ಆಕೆ ಎರಡು ಹೆಜ್ಜೆ ಒಲೆಯ ಕಡೆಗೆ ಇಟ್ಟು, ನಿಂತು, ತಿರುಗಿದಳು.

“ಅಂಟ್ಕಂಡಿರೋದು ಯಾವ್ದು?”

“ಕಣ್ಣಿಲ್ವಾ? ಮುದ್ದೆ ಅಚ್ಚಿಗೆ ಅಂಟ್ಕಂಡದೆ” ಎಂದ ಮಂಟಯ್ಯ.

“ಅಚ್ಚೇ ಯಾಕೆ ಮುದ್ದೆಗೆ ಅಂಟ್ಕಂಡಿರ್ಬಾರ್ದು?”

“ಎರಡೂ ಒಂದೇ ಅಲ್ವಾ?”

“ಎಂಗ್ಲಾ ಒಂದಾಯ್ತದೆ? ಗದ್ದೆ ಬದೀನಾಗೆ ನಡೆವಾಗ ನಿನ್ ಪಂಚೆಗೆ ಉತ್ತರಾಣಿ ಮೆತ್ಕತದಲ್ಲ, ಆಗ ನಿನ್ ಪಂಚೆ ಓಗಿ ಉತ್ತರಾಣಿಗೆ ಮೆತ್ಕತು ಅಂತೀಯಾ? ನನ್ ಮುದ್ದೆ ತನ್ನ ಪಾಡಿಗೆ ಕುಂತಿತ್ತು. ಮೇಲ್ ಬಿದ್ದು ಬಂದೋನು ಯಾರು?”

ಜನ ವಸಂತನ ಕಡೆಗೆ ನೋಡಿದರು. ಅವನು ರೆಸಿನ್ನಿನ ಡಬ್ಬಿಯನ್ನು ಬೆನ್ನಿನ ಹಿಂದೆ ಸರಿಸಿಕೊಂಡನು. ಈ ಪ್ರಶ್ನೆ ಹಿಂದೆಂದೂ ಯಾವ ನ್ಯಾಯಕಟ್ಟೆಯ ಮುಂದೆಯೂ ಬಂದಿರಲಾರದು. ಹುಚ್ಚಯ್ಯ ಕಣ್ಣು ಮುಚ್ಚಿಕೊಂಡೇ ಕ್ರಮ ಹೇಳಿದನು: ಅಚ್ಚನ್ನು ಬಲವಾಗಿ ಕೀಳತಕ್ಕದ್ದು. ಅಚ್ಚಿನಲ್ಲಿ ಮುದ್ದೆ ಉಳಿದರೆ ಅಂಟಿದ್ದು ಮುದ್ದೆ. ಮುದ್ದೆಯಲ್ಲಿ ಅಚ್ಚು ಉಳಿದರೆ ಅಂಟಿದ್ದು ಅಚ್ಚು. ಮಂಟಯ್ಯ ಇದಕ್ಕೆ ತಲೆಯಾಡಿಸಿದನು.

ಹಗ್ಗ ಕಟ್ಟಿ ಎಳೆದರು. ಗೋಣಿಚೀಲ ಹರಿದಂಥ ಸದ್ದಾಯಿತು. ಹೋಳಿನ ಹೊರಪದರ ಕಿತ್ತು ಬಂತು. ಒಳಪದರ ಗಾಜಿನ ನಾರಿನೊಂದಿಗೆ ಮುದ್ದೆಯ ಮೇಲೆಯೇ ಉಳಿದು ಬಿಳಿಯ ಗಡ್ಡದಂತೆ ನಿಂತಿತು. ಹುಚ್ಚಯ್ಯ ಎದ್ದು ಹೋಗಿ, ಕಿತ್ತು ಬಂದ ತುಂಡನ್ನು ಎತ್ತಿಕೊಂಡು, ಅಂಚನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು, ಒಳಮೈಯನ್ನು ಎಲ್ಲರಿಗೂ ಕಾಣುವಂತೆ ಸುತ್ತಲೂ ತೋರಿಸಿದನು. ಮಂಟಯ್ಯ ಕೈನೀಡಿದಾಗ, “ಕೈಗ್ ನಾರು ಚುಚ್ಚತದೆ, ಅಲ್ಲಿಂದ್ಲೇ ನೋಡು” ಎಂದನು. ಮಂಟಯ್ಯ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದನು. ರಾಗಿಯ ಸುಳಿವಿರಲಿಲ್ಲ.

“ಮುದ್ದೇಲಿ ಅಚ್ಚದೆ. ಅಚ್ಚಲ್ಲಿ ಮುದ್ದೆ ಇಲ್ಲ. ಅಂಟ್ಕಂಡಿರೋದು ಫೈಬರು” ಎಂದು ಹುಚ್ಚಯ್ಯ ಸಾರಿದನು. “ಕೋಲು ಒಲೆಗೆ ಓಗಂಗಿಲ್ಲ.”

“ನ್ಯಾಯ ಒಪ್ದೆ” ಎಂದ ಮಂಟಯ್ಯ. “ಆದ್ರೆ ಅಚ್ಚು ಅರ್ದೋಯ್ತು. ಇನ್ ತಾರಸಿ ಮ್ಯಾಲೆ ಏನಿಕ್ತೀಯವ್ವ?”

ಪುಟ್ಟಮಲ್ಲಮ್ಮ ಗಡ್ಡ ಬಿಟ್ಟು ಕುಳಿತ ಮುದ್ದೆಯನ್ನೊಮ್ಮೆ ನೋಡಿದಳು. “ಇದ್ನೇ” ಎಂದಳು.

ಒಳಗಿರುವುದು ಬರೀ ಹಿಟ್ಟೆಂದೂ, ಹುಳಿಯುತ್ತದೆಂದೂ ವಸಂತ ಹೇಳಿದ ಮಾತು ಜನರ ಉತ್ಸಾಹದಲ್ಲಿ ಮುಳುಗಿತು. ಹರಿದ ಕಡೆ ಇನ್ನೊಂದು ಪದರ ಮೆತ್ತಿ, ಮೊದಲ ಹೋಳನ್ನು ಮತ್ತೆ ಮುಂದಕ್ಕೆ ಮುಚ್ಚಿ, ಸಂದು ಬೆಸೆದು, ರಾಗಿಯ ಬಣ್ಣ ಹೊಡೆದು, ಸಂಜೆಯೊಳಗೆ ಭಾರ ಎತ್ತುವವರ 'ಐಸಾ' ಕೂಗಿನೊಂದಿಗೆ ಅದನ್ನು ತಾರಸಿಗೆ ಏರಿಸಿದರು. ತಾರಸಿಯ ತೊಲೆ ಸ್ವಲ್ಪ ಬಾಗಿತು. ಪಿರಿಯಾಪಟ್ಟಣದ ಬಸ್ಸಿನಿಂದ ತಲೆ ಹೊರಹಾಕಿದವನೊಬ್ಬ ಅದು ನಿಜವಾದದ್ದೇ ಎಂದು ಕೇಳಿದಾಗ, ಹೌದೆನ್ನುವ ಹಕ್ಕು ಆ ರಸ್ತೆಯಲ್ಲಿ ಎಡಗಡೆಯವರಿಗೆ ಮಾತ್ರ ಇತ್ತು.

ಜನ ಚದುರಿದರು. ಹುಚ್ಚಯ್ಯ ಮಾತ್ರ ಕಡೆಯ ಬಸ್ಸಿಗೆ ಕಾಯುತ್ತ, ಅಚ್ಚಿನ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೆಯೇ ಕುಳಿತಿದ್ದನು. ಪುಟ್ಟಮಲ್ಲಮ್ಮ ಅವನಿಗೆ ನೀರು ತಂದಿಟ್ಟು, ಅಲ್ಲೇ ನಿಂತಳು.

“ದೊಡ್ಡಯ್ಯ, ಬೆಳಗಿಂದ ಅದ್ನ ಇಡ್ಕಂಡೇ ಇದ್ದೀರಿ. ಕೈ ನೋಯಕಿಲ್ವಾ?”

“ಎಲ್ಲಾದ್ರೂ ಒಂದ್ಕಡೆ ಇಡ್ಕಬೇಕಲ್ಲವ್ವ.”

“ಎಬ್ಬೆಟ್ಟು ಎತ್ತಿ.”

“ಬಸ್ಸು ಬಂತೇನೋ ನೋಡು.”

“ಬೆಟ್ಟು ಎತ್ತಿ ದೊಡ್ಡಯ್ಯ.”

ಹುಚ್ಚಯ್ಯ ಹೆಬ್ಬೆರಳನ್ನು ಎತ್ತಿದನು. ಅದರ ಕೆಳಗೆ, ಹುಣಿಸೆಬೀಜದಷ್ಟು ಅಗಲಕ್ಕೆ, ಕಂದುಬಣ್ಣದ ಚಕ್ಕೆಯೊಂದು ಅಚ್ಚಿಗೆ ಹತ್ತಿ ಕುಳಿತಿತ್ತು. ಇಬ್ಬರೂ ಅದನ್ನು ನೋಡಿದರು. ಒಣಗಿದ ಮೇಲೆ ರಾಗಿಯ ಬಣ್ಣಕ್ಕೂ ಹುರುಳಿಕಟ್ಟಿನ ಬಣ್ಣಕ್ಕೂ ಹೆಚ್ಚು ಅಂತರವಿರುವುದಿಲ್ಲ. ಪುಟ್ಟಮಲ್ಲಮ್ಮ ಉಗುರಿನಿಂದ ಅದನ್ನು ಕೆರೆದಳು. ಸುಲಭವಾಗಿ ಬರಲಿಲ್ಲ. ಎದ್ದು ಬಂದ ಚೂರನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಮರ ತುಂಬಿದ ಲಾರಿಯೊಂದು ನಿಧಾನವಾಗಿ ಹಾದುಹೋಯಿತು. ಅದರ ಸದ್ದು ಅಡಗಿದರೂ ಆಕೆ ಕಣ್ಣು ತೆರೆಯಲಿಲ್ಲ. ಹುಚ್ಚಯ್ಯ ಹೆಬ್ಬೆರಳನ್ನು ಹೆಗಲ ಮೇಲಿನ ವಲ್ಲಿಗೆ ಒರೆಸಿಕೊಂಡು ಕಾದನು.

“ಉಳ್ಳಿಕಟ್ಟು” ಎಂದಳು ಪುಟ್ಟಮಲ್ಲಮ್ಮ.

“ನಾನೂ ಅಂಗೇ ಅಂದ್ಕಂಡೆ ಕಣವ್ವ.”

ಆಕೆ ಒಳಗೆ ಹೋಗಿ, ರಾತ್ರಿಯ ಗಿರಾಕಿಗಳಿಗಾಗಿ ಎಸರಿಟ್ಟಳು. ನೀರು ಕುದಿಯತೊಡಗಿದಾಗ ಸೌಟಿಗೆ ಒಂದಿಷ್ಟು ತುಪ್ಪ ಬಗ್ಗಿಸಿ ಎಸರಿಗೆ ಬಿಟ್ಟಳು. ಪಾತ್ರೆ ತೊಳೆಯುತ್ತಿದ್ದ ಪವಿತ್ರಾ, ಮದುವೆಯಾಗಿ ಬಂದಾಗಿನಿಂದ ಕಾಣದ ಆ ಕ್ರಮವನ್ನು ಕಂಡು ಕೈ ನಿಲ್ಲಿಸಿದಳು.

“ಇದ್ಯಾಕತ್ತೆ, ಅಂಟ್ದಂಗಿರ್ಲಿ ಅಂತ್ಲಾ?”

ಪುಟ್ಟಮಲ್ಲಮ್ಮ ಕೋಲನ್ನು ಎಸರಿಗೆ ಇಳಿಸಿ, ತಲೆಯೆತ್ತದೆ ತೊಳಸತೊಡಗಿದಳು.

“ತುಪ್ಪದ ಗಮಕ್ಕೆ” ಎಂದಳು.